ಆ ದಿನ ಡಾಲರ್ ಎಷ್ಟಿತ್ತು? ಹಳೆಯ ವಿನಿಮಯ ದರ ಹುಡುಕಲು, ಲೆಕ್ಕ ಹಾಕಲು ಕೊಡಗಿನ ಬೆಳೆಗಾರರಿಗೊಂದು ಸಮಗ್ರ ಮಾರ್ಗದರ್ಶಿ

ಕಳದಲ್ಲಿ ರೋಬಸ್ಟಾ ಕಾಫಿ ಒಣಗುವ ಕಾಲಕ್ಕೆ ನಮ್ಮ ಕಡೆ ದಿನಾ ಎರಡು ಪ್ರಶ್ನೆ ಕೇಳಿಬರುತ್ತವೆ. ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ರೇಟ್ ಎಷ್ಟಾಯ್ತು? ಡಾಲರ್ ಎಷ್ಟಾಯ್ತು? ಎರಡನೆಯದನ್ನು ಕೇಳುವುದಕ್ಕೆ ಕಾರಣ ಇದೆ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಅಲ್ಲಿ ಬೆಲೆ ಕಟ್ಟುವುದು ಡಾಲರ್‌ನಲ್ಲಿ. ಸಿದ್ದಾಪುರದಲ್ಲೋ ಗೋಣಿಕೊಪ್ಪದಲ್ಲೋ ನಮ್ಮ ಕೈಗೆ ಬರುವ ರೂಪಾಯಿಯೊಳಗೆ ಆ ಡಾಲರ್ ಕೂತಿರುತ್ತದೆ.

ಇವತ್ತಿನ ಡಾಲರ್ ದರ ಫೋನಿನಲ್ಲಿ ಒಂದು ನಿಮಿಷಕ್ಕೆ ಸಿಗುತ್ತದೆ. ತೊಂದರೆ ಶುರುವಾಗುವುದು ಹಿಂದಿನದು ಬೇಕಾದಾಗ. ನಾನು ಸುಂಟಿಕೊಪ್ಪದ ಸುತ್ತಮುತ್ತ ಕೆಲವು ಸಣ್ಣ ಬೆಳೆಗಾರರ ಲೆಕ್ಕ ನೋಡಿಕೊಳ್ಳುತ್ತೇನೆ. ಪಾಲು ಮಾಡುವಾಗ, ಆಡಿಟರ್ ಕೇಳಿದಾಗ, ಅಜ್ಜನ ಕಾಲದ ಪುಸ್ತಕ ಬಿಚ್ಚಿದಾಗ ಜನ ಬಂದು ಕೇಳುವ ಪ್ರಶ್ನೆ ಒಂದೇ: "ಆಗ ಡಾಲರ್ ಎಷ್ಟಿತ್ತು?" ಅದಕ್ಕೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ದಿನ? ಯಾವ ಕೆಲಸಕ್ಕೆ? ಯಾಕೆಂದರೆ ಹಳೆಯ ದರ ಎನ್ನುವುದು ಒಂದೇ ಅಂಕಿ ಅಲ್ಲ. ಒಂದೇ ದಿನಕ್ಕೆ ಮೂರ್ನಾಲ್ಕು ದರ ಇರುತ್ತವೆ, ಎಲ್ಲವೂ ಸರಿಯೇ. ತಪ್ಪುವುದು ನಾವು ಆರಿಸುವಾಗ.

ಮೊದಲ ಹೆಜ್ಜೆ: ಕೆಲಸ ಯಾವುದು ಎಂದು ಗಟ್ಟಿಮಾಡಿಕೊಳ್ಳಿ

ನಿಮ್ಮ ಖಾತೆಗೆ ಹಣ ಬಂದ ಲೆಕ್ಕ ಬೇಕಿದ್ದರೆ ಯಾವ ಪಟ್ಟಿಯೂ ಬೇಡ. ಹೊರದೇಶದಿಂದ ಹಣ ಬಂದಾಗ ಬ್ಯಾಂಕ್ ಒಂದು ಅಡ್ವೈಸ್ ಕೊಡುತ್ತದೆ. ಎಷ್ಟು ಡಾಲರ್, ಯಾವ ದರ, ಎಷ್ಟು ರೂಪಾಯಿ ಎಂದು ಅದರಲ್ಲೇ ಬರೆದಿರುತ್ತದೆ. ಆ ಕಾಗದದ ಮುಂದೆ ಬೇರೆ ಯಾವ ದರವೂ ನಿಲ್ಲುವುದಿಲ್ಲ. ಮೊದಲು ಬೀರು ಹುಡುಕಿ, ಆಮೇಲೆ ಇಂಟರ್ನೆಟ್.

ತೆರಿಗೆಗೆ ಬೇಕಿದ್ದರೆ ನಿಯಮ ಹೇಳಿದ ದರವೇ ಆಗಬೇಕು. ಹೊರದೇಶದ ಆದಾಯವನ್ನು ರೂಪಾಯಿಗೆ ತಿರುಗಿಸುವ ಬಗೆ 1962ರ ಆದಾಯ ತೆರಿಗೆ ನಿಯಮಗಳ 115ನೇ ನಿಯಮದಲ್ಲಿದೆ. ಅದು ಕೇಳುವುದು ಸ್ಟೇಟ್ ಬ್ಯಾಂಕಿನ ಟಿಟಿ ಬೈಯಿಂಗ್ ದರವನ್ನು, ಅಂದರೆ ಹೊರದೇಶದಿಂದ ತಂತಿ ಮೂಲಕ ಬಂದ ಹಣವನ್ನು ಬ್ಯಾಂಕ್ ಕೊಳ್ಳುವ ದರವನ್ನು. ದಿನಾಂಕವನ್ನೂ ಅದೇ ಹೇಳುತ್ತದೆ: ಸಂಬಳವಾದರೆ, ಸಂಬಳ ಬರಬೇಕಾದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ. ಗೂಗಲ್‌ನಲ್ಲಿ ಕಂಡ ದರ ಹಾಕಿ ಕೊಟ್ಟರೆ ಆಡಿಟರ್ ವಾಪಸ್ ಕಳಿಸುತ್ತಾರೆ, ಕಳಿಸಬೇಕು ಕೂಡ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ ಅಲ್ಲಿಂದೀಚಿನ ಆದಾಯಕ್ಕೆ ಯಾವ ನಿಯಮ ಎಂದು ಅವರನ್ನೇ ಕೇಳಿ.

ಬೆಲೆ ಹೋಲಿಸಬೇಕು, ಹಳೆಯ ವರ್ಷ ಅರ್ಥ ಮಾಡಿಕೊಳ್ಳಬೇಕು ಅಂದರೆ ರೆಫರೆನ್ಸ್ ದರ (ಪ್ರತಿ ಕೆಲಸದ ದಿನ ಅಧಿಕೃತವಾಗಿ ಪ್ರಕಟವಾಗುವ ದರ) ಅಥವಾ ಸರಾಸರಿ ಸಾಕು. ಈ ಬರಹದ ಹೆಚ್ಚಿನ ಭಾಗ ಇದರ ಬಗ್ಗೆಯೇ.

ಎರಡನೆಯದು: ದಿನಾಂಕ ಹಿಡಿಯಿರಿ

"1991ರಲ್ಲಿ" ಎಂದರೆ ಸಾಲದು. ನಮ್ಮಲ್ಲಿ ವರ್ಷ ಮೂರು ಬಗೆ. ಕ್ಯಾಲೆಂಡರ್ ವರ್ಷ ಜನವರಿಗೆ ಶುರು. ಹಣಕಾಸು ವರ್ಷ ಏಪ್ರಿಲ್‌ಗೆ. ಕಾಫಿ ವರ್ಷ ಅಕ್ಟೋಬರ್‌ಗೆ. ರಿಸರ್ವ್ ಬ್ಯಾಂಕಿನ ವಾರ್ಷಿಕ ಸರಾಸರಿ ಹೆಚ್ಚಾಗಿ ಹಣಕಾಸು ವರ್ಷದ್ದು. ಮನೆಯ ಲೆಕ್ಕದ ಪುಸ್ತಕ ಸಾಮಾನ್ಯವಾಗಿ ಬೆಳೆಯ ವರ್ಷದ್ದು. ಎರಡನ್ನೂ ಎದುರುಬದುರು ಇಟ್ಟರೆ ಆರು ತಿಂಗಳ ವ್ಯತ್ಯಾಸ ಬಂದುಬಿಡುತ್ತದೆ.

ಇದು ನನಗೆ ಪೆಟ್ಟು ತಿಂದು ಗೊತ್ತಾದದ್ದು. ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಪಾಲಿನ ಮಾತು ನಡೆದಿತ್ತು. ಅವರ ತಮ್ಮ ದುಬೈಯಿಂದ ಕಳಿಸಿದ ಹಣದಲ್ಲಿ ಮನೆಗೆ ಮಾಡು ಹಾಕಿಸಿದ್ದರು. ಪಾಸ್‌ಬುಕ್ ಸಿಗಲಿಲ್ಲ. 2013ರ ಆಗಸ್ಟ್ ಕೊನೆಗೆ 10,000 ದಿರ್ಹಮ್ ಕಳಿಸಿದ ರಸೀದಿ ಮಾತ್ರ ಇತ್ತು. ನಾನು 2013-14ರ ಸರಾಸರಿ ಡಾಲರ್ ದರ 60.50 ಹಿಡಿದು, ದಿರ್ಹಮ್‌ಗೆ ತಿರುಗಿಸಿ, 1,64,700 ರೂಪಾಯಿ ಎಂದು ಬರೆದುಕೊಟ್ಟೆ. ಆದರೆ ಆ ವರ್ಷ ಮೇ ಮೊದಲ ವಾರದಲ್ಲಿ ಡಾಲರ್ 54ರ ಆಸುಪಾಸಿತ್ತು. ಆಗಸ್ಟ್ 28ರಂದು 68 ದಾಟಿತ್ತು. ಆ ವಾರದ ದರ ಹಾಕಿದ್ದರೆ ಮೊತ್ತ 1,85,000ದ ಹತ್ತಿರ ಬರಬೇಕಿತ್ತು. ಒಂದು ರಸೀದಿಯಲ್ಲೇ 20,000 ರೂಪಾಯಿ ಕಡಿಮೆ! ತಮ್ಮನಿಗೆ ಅನ್ಯಾಯ ಆಗುತ್ತಿತ್ತು. ತಿದ್ದಿ ಬರೆದುಕೊಟ್ಟೆ. ಅಂದಿನಿಂದ ದಿನಾಂಕ ಗೊತ್ತಿದ್ದರೆ ಸರಾಸರಿ ಮುಟ್ಟುವುದಿಲ್ಲ.

ಹಾಗಾದರೆ ಸರಾಸರಿ ಯಾವಾಗ? ಹಣ ವರ್ಷವಿಡೀ ಹಂಚಿಕೊಂಡು ಬಂದಿದ್ದಾಗ, ಅಥವಾ ತಿಂಗಳು ಮಾತ್ರ ಗೊತ್ತಿದ್ದಾಗ. ತಿಂಗಳು ಗೊತ್ತಿದ್ದರೆ ತಿಂಗಳ ಸರಾಸರಿ, ವರ್ಷ ಮಾತ್ರ ಗೊತ್ತಿದ್ದರೆ ವರ್ಷದ ಸರಾಸರಿ. ಗೊತ್ತಿರುವುದಕ್ಕಿಂತ ಜಾಸ್ತಿ ನಿಖರ ಅಂತ ತೋರಿಸಲು ಹೋಗಬೇಡಿ.

ಶನಿವಾರ, ಭಾನುವಾರ, ಬ್ಯಾಂಕ್ ರಜೆ ದಿನ ರೆಫರೆನ್ಸ್ ದರ ಇರುವುದಿಲ್ಲ. ಅದರ ಹಿಂದಿನ ಕೆಲಸದ ದಿನದ್ದನ್ನು ತೆಗೆದುಕೊಳ್ಳುವುದು ರೂಢಿ. ಒಂದು ಲೆಕ್ಕದಲ್ಲಿ ಹಿಂದಿನ ದಿನ, ಇನ್ನೊಂದರಲ್ಲಿ ಮುಂದಿನ ದಿನ ಅಂತ ಮಾಡಬೇಡಿ.

ಮೂರನೆಯದು: ದರ ಎಲ್ಲಿ ಸಿಗುತ್ತದೆ

ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ರೆಫರೆನ್ಸ್ ದರದ ಹಳೆಯ ಕಡತ ಇದೆ. 1990ರ ದಶಕದ ಕೊನೆಯಿಂದೀಚಿನ ದಿನದಿನದ ದರ ಅಲ್ಲಿ ಸಿಗುತ್ತದೆ. ಡಾಲರ್, ಪೌಂಡ್, ಯೂರೋ, ಯೆನ್ ನಾಲ್ಕಕ್ಕೂ. ಯೆನ್ ನೋಡುವಾಗ ಮಾತ್ರ ಎಚ್ಚರ: ಅದು 100 ಯೆನ್‌ಗೆ ಇಷ್ಟು ರೂಪಾಯಿ ಎಂದು ಕೊಡುವ ದರ. 2018ರ ಜುಲೈ 10ರಿಂದ ಈ ದರ ಲೆಕ್ಕ ಹಾಕಿ ಪ್ರಕಟಿಸುವ ಕೆಲಸ ಎಫ್‌ಬಿಐಎಲ್ (ಫೈನಾನ್ಶಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಲಿಮಿಟೆಡ್) ಎಂಬ ಸಂಸ್ಥೆಗೆ ಹೋಗಿದೆ. ಬೆಳಗಿನ ಹೊತ್ತು ಬ್ಯಾಂಕುಗಳ ನಡುವೆ ನಡೆದ ವ್ಯವಹಾರದ ಮೇಲೆ ಅದನ್ನು ತೆಗೆದು ಮಧ್ಯಾಹ್ನ ಹಾಕುತ್ತಾರೆ. ಅಂದರೆ ಸಂಜೆ ಟಿವಿಯಲ್ಲಿ ಕೇಳುವ "ಇಂದಿನ ಮುಕ್ತಾಯ ದರ" ಇದಲ್ಲ. ನಾಲ್ಕೈದು ಪೈಸೆ, ಗಲಾಟೆ ಇದ್ದ ದಿನ ಇನ್ನೂ ಜಾಸ್ತಿ ವ್ಯತ್ಯಾಸ ಇರಬಹುದು.

ತಿಂಗಳ ಮತ್ತು ವರ್ಷದ ಸರಾಸರಿ ಬೇಕಾದರೆ ರಿಸರ್ವ್ ಬ್ಯಾಂಕ್ ಪ್ರತಿ ವರ್ಷ ತರುವ ಭಾರತೀಯ ಆರ್ಥಿಕತೆಯ ಅಂಕಿಅಂಶಗಳ ಕೈಪಿಡಿ ನೋಡಿ. ಅದೇ ಅಂಕಿಗಳು ಡಿಬಿಐಇ ಎಂಬ ಅದರ ದತ್ತಾಂಶ ತಾಣದಲ್ಲೂ ಇವೆ, ಎಕ್ಸೆಲ್ ಆಗಿ ಇಳಿಸಿಕೊಳ್ಳಬಹುದು. ನನ್ನ ಡೈರಿಯ ಹಿಂದಿನ ಪುಟದಲ್ಲಿ ಇದರಿಂದ ಬರೆದುಕೊಂಡ ಕೆಲವು ಸಾಲು ಯಾವಾಗಲೂ ಇರುತ್ತವೆ. ಒಂದು ಡಾಲರ್‌ಗೆ 1990-91ರಲ್ಲಿ ಸರಾಸರಿ 17.94 ರೂಪಾಯಿ, 1993-94ರಲ್ಲಿ 31.37, 2002-03ರಲ್ಲಿ 48.40, 2007-08ರಲ್ಲಿ 40.24, 2010-11ರಲ್ಲಿ 45.58, 2013-14ರಲ್ಲಿ 60.50, 2020-21ರಲ್ಲಿ 74.23. ಮಧ್ಯದ ಎರಡು ಸಾಲು ಮತ್ತೊಮ್ಮೆ ನೋಡಿ. 48ರಿಂದ 40ಕ್ಕೆ. ಡಾಲರ್ ಯಾವಾಗಲೂ ಏರುತ್ತಲೇ ಇರುತ್ತದೆ ಎಂದು ನಂಬಿ ಕಾಫಿ ಹಿಡಿದಿಟ್ಟುಕೊಂಡವರಿಗೆ ಆ ಐದು ವರ್ಷ ಸರಿಯಾದ ಪಾಠ ಕಲಿಸಿತ್ತು.

ಇನ್ನೂ ಹಿಂದಕ್ಕೆ ಹೋಗಬೇಕೇ? ಅಮೆರಿಕದ ಫೆಡರಲ್ ರಿಸರ್ವ್ 1973ರ ಜನವರಿಯಿಂದ ರೂಪಾಯಿಯ ದಿನದ ದರ ಇಟ್ಟಿದೆ. ಅದರದ್ದೇ ಫ್ರೆಡ್ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದು ನ್ಯೂಯಾರ್ಕಿನ ಮಧ್ಯಾಹ್ನದ ದರ. ಆಗ ನಮ್ಮಲ್ಲಿ ರಾತ್ರಿ. ಹಾಗಾಗಿ ಮುಂಬೈ ದರಕ್ಕೂ ಅದಕ್ಕೂ ಚೂರು ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಲೆಕ್ಕಕ್ಕೆ ಒಂದೇ ಮೂಲ ಹಿಡಿಯಿರಿ, ಅರ್ಧ ಇಲ್ಲಿಂದ ಅರ್ಧ ಅಲ್ಲಿಂದ ಬೇಡ.

ನಾಲ್ಕನೆಯದು: ಹಾಳೆಗೆ ಇಳಿಸುವುದು

ಐದು ಕಾಲಂ ಸಾಕು. ದಿನಾಂಕ, ಡಾಲರ್ ಮೊತ್ತ, ದರ, ದರ ಎಲ್ಲಿಂದ, ರೂಪಾಯಿ. ನಾಲ್ಕನೇ ಕಾಲಂ ಬಿಡಬೇಡಿ. ಮೂರು ವರ್ಷ ಬಿಟ್ಟು ಯಾರಾದರೂ ಕೇಳಿದರೆ ಉತ್ತರ ಅಲ್ಲೇ ಇರುತ್ತದೆ.

ದರದ ಪಟ್ಟಿಯನ್ನು ಬೇರೆ ಹಾಳೆಯಲ್ಲಿಟ್ಟು, ಹಳೆಯ ದಿನಾಂಕ ಮೇಲೆ ಬರುವಂತೆ ಜೋಡಿಸಿ. ಆಮೇಲೆ ಎಕ್ಸೆಲ್‌ನಲ್ಲಿ ಪಟ್ಟಿಯಿಂದ ಹುಡುಕಿಕೊಡುವ ವಿ-ಲುಕಪ್ ಸೂತ್ರ ಬಳಸಿ, "ಸರಿಸುಮಾರು ಹೊಂದಿಕೆ" ಆಯ್ಕೆ ಕೊಟ್ಟು. ಆ ದಿನಾಂಕ ಪಟ್ಟಿಯಲ್ಲಿ ಇಲ್ಲದಿದ್ದರೆ ಅದರ ಹಿಂದಿನ ದಿನಾಂಕದ ದರವನ್ನು ಅದೇ ಎತ್ತಿಕೊಡುತ್ತದೆ. ರಜೆಯ ತಲೆಬಿಸಿ ತಾನಾಗಿ ತಪ್ಪುತ್ತದೆ.

ದಿನಾಂಕದ ಬರವಣಿಗೆ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ನಾವು ದಿನ ಮೊದಲು ಬರೆಯುತ್ತೇವೆ, ಅಮೆರಿಕದವರು ತಿಂಗಳು ಮೊದಲು. 03/07/1991 ನಮಗೆ ಜುಲೈ 3. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್‌ಗೆ ಅದು ಮಾರ್ಚ್ 7. ಸುಮ್ನೆ ಹೇಳುತ್ತಿಲ್ಲ. ಆ ಮಾರ್ಚ್‌ನಲ್ಲಿ ಡಾಲರ್ 19ರ ಆಸುಪಾಸಿತ್ತು, ಜುಲೈ 3ಕ್ಕೆ 26ರ ಹತ್ತಿರ ಬಂದಿತ್ತು. ಕಂಪ್ಯೂಟರ್ ಯಾವ ತಪ್ಪನ್ನೂ ತೋರಿಸುವುದಿಲ್ಲ. ಅಂಕಿ ಚೆನ್ನಾಗಿಯೇ ಕಾಣುತ್ತದೆ. ತಿಂಗಳನ್ನು ಅಕ್ಷರದಲ್ಲಿ ಬರೆದುಬಿಟ್ಟರೆ ಈ ಕಾಟ ಇಲ್ಲ.

ಇನ್ನೊಂದು, ದಿಕ್ಕು. ಒಂದು ಡಾಲರ್‌ಗೆ ಎಷ್ಟು ರೂಪಾಯಿ ಎನ್ನುವುದು ಒಂದು, ಒಂದು ರೂಪಾಯಿಗೆ ಎಷ್ಟು ಡಾಲರ್ ಎನ್ನುವುದು ಇನ್ನೊಂದು. ಶೇಕಡಾ ಹೇಳುವಾಗ ಇದು ತುಂಬ ಗೊಂದಲ ಮಾಡುತ್ತದೆ. 1966ರ ಜೂನ್ 6ರಂದು ಡಾಲರ್ 4.76 ರೂಪಾಯಿಯಿಂದ 7.50ಕ್ಕೆ ಹೋಯಿತು. ಡಾಲರ್ ಕಡೆಯಿಂದ ನೋಡಿದರೆ ಏರಿಕೆ ಶೇ. 57.6. ರೂಪಾಯಿ ಕಡೆಯಿಂದ ನೋಡಿದರೆ ಇಳಿಕೆ ಶೇ. 36.5. ಎರಡು ಕಡೆ ಎರಡು ಅಂಕಿ ಓದಿದರೆ ಯಾರೋ ಒಬ್ಬರು ಸುಳ್ಳು ಬರೆದಿದ್ದಾರೆ ಅಂದುಕೊಳ್ಳಬೇಡಿ.

ಐದನೆಯದು: ದರ ಕಟ್ಟಿಹಾಕಿದ್ದ ಕಾಲ ತಿಳಿದಿರಲಿ

ಇವತ್ತು ಡಾಲರ್ ದಿನಾ ಅಲುಗಾಡುತ್ತದೆ. 1993ಕ್ಕೆ ಮೊದಲು ಹಾಗಿರಲಿಲ್ಲ. ಹಳೆಯ ದರ ಹುಡುಕುವವರು ಈ ಕಥೆ ತಿಳಿಯದಿದ್ದರೆ ಪಟ್ಟಿ ಕೈಯಲ್ಲಿದ್ದೂ ದಾರಿ ತಪ್ಪುತ್ತಾರೆ.

ಪ್ರತಿ ಆಗಸ್ಟ್ 15ಕ್ಕೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬರುತ್ತದಲ್ಲ, 1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಇತ್ತು ಅಂತ. ಅದು ತಪ್ಪು. ನೀವೇ ಲೆಕ್ಕ ಹಾಕಿ ನೋಡಿ. ಆಗ ರೂಪಾಯಿಯನ್ನು ಕಟ್ಟಿದ್ದು ಪೌಂಡಿಗೆ, ಡಾಲರ್‌ಗಲ್ಲ. ಒಂದು ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್, ಅಂದರೆ 18 ಪೆನ್ಸ್. ಒಂದು ಪೌಂಡಿಗೆ 240 ಪೆನ್ಸ್. 240ನ್ನು 18ರಿಂದ ಭಾಗಿಸಿದರೆ ಪೌಂಡಿಗೆ 13.33 ರೂಪಾಯಿ. ಒಂದು ಪೌಂಡಿಗೆ ಆಗ 4.03 ಡಾಲರ್. 13.33ನ್ನು 4.03ರಿಂದ ಭಾಗಿಸಿ: 3.31. ಸ್ವಾತಂತ್ರ್ಯ ಬಂದ ದಿನ ಡಾಲರ್‌ಗೆ ಇದ್ದ ದರ ಅದು.

1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡನ್ನು 2.80 ಡಾಲರ್‌ಗೆ ಇಳಿಸಿತು. ರೂಪಾಯಿ ಅದರ ಜೊತೆಗೇ ಇಳಿಯಿತು. ಪೌಂಡಿನ ದರ ಹಾಗೇ ಉಳಿದು, ಡಾಲರ್ ಮಾತ್ರ 4.76 ಆಯಿತು. ಕೊಡಗು ಆಗ ಪುಟ್ಟ ಬೇರೆ ರಾಜ್ಯ, ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆ ಕಾಲದ ಯುರೋಪಿಯನ್ ತೋಟಗಳ ಕಾಗದಪತ್ರ ನಿಮ್ಮ ಕೈಗೆ ಸಿಕ್ಕಿದರೆ ಪೌಂಡ್ ಲೆಕ್ಕ ಕಾಣುತ್ತದೆ. ಅದಕ್ಕೆ ಪಟ್ಟಿ ಹುಡುಕುವುದೇ ಬೇಡ: 1,000 ರೂಪಾಯಿ ಅಂದರೆ 75 ಪೌಂಡ್. 1966ರವರೆಗೂ ಅದೇ.

1966ರ ನಂತರ ಕೆಲವು ವರ್ಷ 7.50. 1971ರಲ್ಲಿ ಡಾಲರ್ ತಾನೇ ಅಲುಗಾಡಿದಾಗ ರೂಪಾಯಿ ಮತ್ತೆ ಪೌಂಡಿನ ಕೈ ಹಿಡಿಯಿತು. 1975ರ ಸೆಪ್ಟೆಂಬರ್‌ನಿಂದ ಹಲವು ದೇಶಗಳ ಹಣದ ಬುಟ್ಟಿಗೆ ಕಟ್ಟಿದರು. ಹಾಗಾಗಿ 70, 80ರ ದಶಕದಲ್ಲಿ ಡಾಲರ್ ದರ ನಿಧಾನವಾಗಿ ಸರಿಯುತ್ತದೆ, ನೆಗೆಯುವುದಿಲ್ಲ. ವರ್ಷದ ಸರಾಸರಿ ಹಿಡಿದರೂ ದೊಡ್ಡ ತಪ್ಪೇನೂ ಆಗುವುದಿಲ್ಲ.

1991 ಹಾಗಲ್ಲ. ಜುಲೈ 1ಕ್ಕೊಮ್ಮೆ, ಜುಲೈ 3ಕ್ಕೊಮ್ಮೆ ರೂಪಾಯಿ ಇಳಿಸಿದರು. 21ರ ಹತ್ತಿರ ಇದ್ದ ಡಾಲರ್ ಮೂರು ದಿನದಲ್ಲಿ 26ರ ಹತ್ತಿರ ಹೋಯಿತು. 1991-92ರ ಸರಾಸರಿ 24.47. ಆ ಅಂಕಿ ಜೂನ್‌ಗೂ ಸೇರುವುದಿಲ್ಲ, ಆಗಸ್ಟ್‌ಗೂ ಸೇರುವುದಿಲ್ಲ.

ಇನ್ನು 1992ರ ಮಾರ್ಚ್‌ನಿಂದ 1993ರ ಫೆಬ್ರವರಿವರೆಗಿನ ಅವಧಿ. ಇಲ್ಲಿ ಒಂದೇ ದಿನಕ್ಕೆ ಸರ್ಕಾರವೇ ಒಪ್ಪಿದ ಎರಡು ದರ ಇದ್ದವು. ರಫ್ತು ಮಾಡಿದವರು ತಂದ ಡಾಲರ್‌ನಲ್ಲಿ ಶೇ. 40 ಅಧಿಕೃತ ದರಕ್ಕೆ ಕೊಡಬೇಕಿತ್ತು, ಶೇ. 60 ಮಾರುಕಟ್ಟೆ ದರಕ್ಕೆ. ಅಧಿಕೃತ ದರ 26ರ ಆಸುಪಾಸು, ಮಾರುಕಟ್ಟೆ ದರ 30ರ ಆಸುಪಾಸು. ಒಂದು ಪಟ್ಟಿಯಲ್ಲಿ 26, ಇನ್ನೊಂದರಲ್ಲಿ 30 ಕಂಡರೆ ಗಾಬರಿ ಬೇಡ. ಕೈಗೆ ಬಂದ ದರ ಬೇಕಾದರೆ ಎರಡನ್ನೂ ಬೆರೆಸಿ: 26ರ 40 ಪಾಲು 10.40, 30ರ 60 ಪಾಲು 18. ಒಟ್ಟು 28.40. 1993ರ ಮಾರ್ಚ್‌ನಲ್ಲಿ ಎರಡೂ ಸೇರಿ ಒಂದಾದವು. ಅಲ್ಲಿಂದೀಚೆಗೆ ದರ ಮಾರುಕಟ್ಟೆಯದ್ದು.

ಆರನೆಯದು: ಕಾಫಿ ಬೆಲೆಯನ್ನು ಎರಡಾಗಿ ಸೀಳುವುದು

ಇದಕ್ಕಾಗಿಯೇ ಇಷ್ಟೆಲ್ಲ. ಕಾಫಿ ಬೆಲೆ ಏರಿತು ಅನ್ನುತ್ತೇವೆ. ಏರಿದ್ದು ಕಾಫಿಯೋ, ಡಾಲರೋ? ಹಳೆಯ ದರ ಕೈಯಲ್ಲಿದ್ದರೆ ಇದನ್ನು ಬಿಡಿಸಿ ನೋಡಬಹುದು. ನನಗೆ ಈ ಲೆಕ್ಕದ ಮೇಲೆ ಪ್ರೀತಿ ಬಂದದ್ದೂ ಇಲ್ಲಿಂದಲೇ.

ರೋಬಸ್ಟಾಗೆ ಲಂಡನ್ ಟರ್ಮಿನಲ್, ಅಂದರೆ ಅಲ್ಲಿನ ವಾಯಿದೆ ಮಾರುಕಟ್ಟೆ. ಅಲ್ಲಿ ಬೆಲೆ ಟನ್ನಿಗೆ ಇಷ್ಟು ಡಾಲರ್ ಎಂದು. ರೂಪಾಯಿ ದರದಿಂದ ಗುಣಿಸಿ 1,000ದಿಂದ ಭಾಗಿಸಿದರೆ ಕಿಲೋ ಬೀಜಕ್ಕೆ ರೂಪಾಯಿ. ಅರೇಬಿಕಾಗೆ ನ್ಯೂಯಾರ್ಕ್. ಅಲ್ಲಿ ಬೆಲೆ ಪೌಂಡ್ ತೂಕಕ್ಕೆ ಇಷ್ಟು ಸೆಂಟ್. ಒಂದು ಪೌಂಡ್ ತೂಕ ಅಂದರೆ 0.4536 ಕಿಲೋ. 200 ಸೆಂಟ್ ಇದ್ದರೆ ಕಿಲೋಗೆ 4.41 ಡಾಲರ್. 74.23ರಿಂದ ಗುಣಿಸಿ, 327 ರೂಪಾಯಿ.

ಈಗ ಸೀಳೋಣ. ಲೆಕ್ಕ ತೋರಿಸಲು ಎರಡು ಬೆಲೆ ನಾನೇ ಇಟ್ಟುಕೊಳ್ಳುತ್ತೇನೆ, ವಿನಿಮಯ ದರ ಮಾತ್ರ ನಿಜವಾದದ್ದು. ಮೊದಲ ವರ್ಷ ರೋಬಸ್ಟಾ ಟನ್ನಿಗೆ 1,800 ಡಾಲರ್, ದರ 2010-11ರ 45.58. ಕಿಲೋಗೆ 82.04 ರೂಪಾಯಿ. ಎರಡನೇ ವರ್ಷ ಟನ್ನಿಗೆ 1,400 ಡಾಲರ್, ದರ 2020-21ರ 74.23. ಕಿಲೋಗೆ 103.92 ರೂಪಾಯಿ.

ಮನೆಯಲ್ಲಿ ಏನನ್ನುತ್ತಾರೆ? 82 ಇದ್ದದ್ದು 104 ಆಯಿತು, ಕಾಫಿಗೆ ಬೆಲೆ ಬಂತು. ನಿಜವಾಗಿ ಕಾಫಿಗೆ ಬೆಲೆ ಬಿದ್ದಿದೆ. ಹೀಗೆ ಬಿಡಿಸಿ: ಎರಡನೇ ವರ್ಷದ ಡಾಲರ್ ಬೆಲೆಯನ್ನು ಮೊದಲ ವರ್ಷದ್ದರಿಂದ ಭಾಗಿಸಿ, 1,400 ಭಾಗಿಸು 1,800, ಬಂದದ್ದು 0.778. ಕಾಫಿ ಶೇ. 22 ಇಳಿದಿದೆ. ವಿನಿಮಯ ದರವನ್ನು ಹಾಗೇ ಭಾಗಿಸಿ, 74.23 ಭಾಗಿಸು 45.58, ಬಂದದ್ದು 1.629. ಡಾಲರ್ ಶೇ. 63 ಏರಿದೆ. ಎರಡನ್ನೂ ಗುಣಿಸಿ: 1.267. ರೂಪಾಯಿ ಬೆಲೆ ಶೇ. 27 ಏರಿದೆ. 82.04ನ್ನು 1.267ರಿಂದ ಗುಣಿಸಿದರೆ 103.92ರ ಹತ್ತಿರ ಬರಬೇಕು. ಬಂದರೆ ಲೆಕ್ಕ ಸರಿ. ಕೂಡುವ, ಕಳೆಯುವ ಕೆಲಸ ಇಲ್ಲಿ ಬೇಡ. 63ರಲ್ಲಿ 22 ಕಳೆದರೆ 41 ಬರುತ್ತದೆ, ಅದು ತಪ್ಪು ಉತ್ತರ.

ಹೀಗೆ ಬಿಡಿಸಿದಾಗ ನಮ್ಮ ಹಿರಿಯರ ನೆನಪುಗಳೂ ಸ್ಪಷ್ಟವಾಗುತ್ತವೆ. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋಯಿತು. ಕೊಡಗಿನಲ್ಲಿ ಆ ವರ್ಷದ ಬೆಲೆಯ ಮಾತು ಈಗಲೂ ತೆಗೆಯುತ್ತಾರೆ. 1993-94ರಲ್ಲಿ ಡಾಲರ್ ಸರಾಸರಿ 31.37, 1994-95ರಲ್ಲಿ 31.40. ಮೂರೇ ಪೈಸೆ! ಅಂದರೆ ಆ ಏರಿಕೆ ಪೂರ್ತಿ ಕಾಫಿಯದ್ದೇ. ಅದೇ 2011-12ರ 47.92ರಿಂದ 2013-14ರ 60.50ಕ್ಕೆ ಬಂದಾಗ, ಲಂಡನ್‌ನಲ್ಲಿ ಒಂದು ಡಾಲರ್ ಏರದಿದ್ದರೂ ರೂಪಾಯಿ ಬೆಲೆ ಶೇ. 26 ಜಾಸ್ತಿ ಕಾಣಬೇಕು. ಆಗ ಗೊಬ್ಬರದ ಬೆಲೆಯೂ ಡಾಲರ್ ಜೊತೆ ಏರುತ್ತದೆ, ಡೀಸೆಲ್ ಏರುತ್ತದೆ. ಪೊಟ್ಯಾಷ್ ಪೂರ್ತಿ ಹೊರಗಿನಿಂದಲೇ ಬರಬೇಕು. ಡಾಲರ್ ಕೊಟ್ಟ ಏರಿಕೆಯಲ್ಲಿ ಒಂದು ಪಾಲನ್ನು ಅದೇ ವಾಪಸ್ ತೆಗೆದುಕೊಳ್ಳುತ್ತದೆ. ಕಾಫಿ ತಾನಾಗಿ ಏರಿದ ವರ್ಷ ಮತ್ತು ಡಾಲರ್ ಏರಿಸಿದ ವರ್ಷ ಒಂದೇ ಅಲ್ಲ ಎಂದು ನಾನು ಹೇಳುವುದು ಇದಕ್ಕೆ.

ಒಂದು ಎಚ್ಚರಿಕೆ. ಟರ್ಮಿನಲ್ ಲೆಕ್ಕ ನಿಮ್ಮ ಚೀಲದ ಬೆಲೆ ಅಲ್ಲ. ಅಲ್ಲಿಂದ ಇಲ್ಲಿಗೆ ಬರುವಾಗ ಕ್ಯೂರಿಂಗ್ (ಸಿಪ್ಪೆ ತೆಗೆದು ದರ್ಜೆ ಮಾಡುವುದು), ಸಾಗಣೆ, ರಫ್ತುದಾರರ ಖರ್ಚು ಕಳೆಯುತ್ತವೆ, ಭಾರತದ ಕಾಫಿಗೆ ಟರ್ಮಿನಲ್ ಬೆಲೆಯ ಮೇಲೆ ಸಿಗುವ ಹೆಚ್ಚುವರಿ ಅಥವಾ ಕಡಿತ ಸೇರುತ್ತದೆ. ಇನ್ನು ಚೆರಿ ಕೊಡುವವರಿಗೆ ಔಟ್‌ಟರ್ನ್ (ಓಟಿ), ಅಂದರೆ ಚೆರಿಯಿಂದ ಎಷ್ಟು ಬೀಜ ಬರುತ್ತದೆ ಎನ್ನುವುದು. 50 ಕಿಲೋ ಚೀಲದಲ್ಲಿ 28 ಕಿಲೋ ಬೀಜ ಬಂದರೆ ಓಟಿ 28. ಕಿಲೋ ಬೀಜಕ್ಕೆ 100 ರೂಪಾಯಿ ಕೈಗೆ ಬರುವ ಹಾಗಿದ್ದರೆ ಚೀಲಕ್ಕೆ 2,800. ಎರಡು ವರ್ಷದ ಚೀಲದ ಬೆಲೆ ಹೋಲಿಸುವಾಗ ಓಟಿ ಬೇರೆ ಬೇರೆ ಇದ್ದರೆ ಮೊದಲು ಕಿಲೋ ಬೀಜಕ್ಕೆ ಇಳಿಸಿಕೊಳ್ಳಿ. ಇಲ್ಲದಿದ್ದರೆ ಡಾಲರ್ ಮೇಲೆ ಹೊರಿಸುವ ತಪ್ಪು ಒಣಗಿಸುವುದರಲ್ಲಿ ಆಗಿರುತ್ತದೆ.

ಒಂದೇ ವರ್ಷದಲ್ಲಿ ಮೂರ್ನಾಲ್ಕು ಸಲ ಡಾಲರ್ ಬಂದಿದ್ದರೆ ನಿಮ್ಮ ಸರಾಸರಿ ದರ ತೆಗೆಯುವ ಬಗೆ: ಬಂದ ಒಟ್ಟು ರೂಪಾಯಿಯನ್ನು ಬಂದ ಒಟ್ಟು ಡಾಲರ್‌ನಿಂದ ಭಾಗಿಸಿ. ದರಗಳನ್ನು ಕೂಡಿ ಮೂರರಿಂದ ಭಾಗಿಸಿದರೆ 500 ಡಾಲರ್ ಬಂದ ದಿನಕ್ಕೂ 5,000 ಬಂದ ದಿನಕ್ಕೂ ಒಂದೇ ತೂಕ ಕೊಟ್ಟ ಹಾಗೆ.

ಏಳನೆಯದು: ದಿರ್ಹಮ್, ರಿಯಾಲ್ ಬೇಕಾದಾಗ

ಕೊಡಗಿನ ಎಷ್ಟೋ ಮನೆಗಳಿಗೆ ಗಲ್ಫ್‌ನಿಂದ ಹಣ ಬರುತ್ತದೆ. ಹಳೆಯ ದಿರ್ಹಮ್ ದರ ಸಿಗುವುದು ಕಷ್ಟ ಅಂದುಕೊಳ್ಳುತ್ತಾರೆ. ಸುಲಭ ಇದೆ. ಯುಎಇ ದಿರ್ಹಮ್ 1997ರಿಂದ ಒಂದು ಡಾಲರ್‌ಗೆ 3.6725 ಎಂದು ಕಟ್ಟಿಹಾಕಿದೆ. ಸೌದಿ ರಿಯಾಲ್ 1986ರಿಂದ 3.75. ಕತಾರ್ ರಿಯಾಲ್ 3.64. ಆ ದಿನದ ಡಾಲರ್ ದರವನ್ನು ಇದರಿಂದ ಭಾಗಿಸಿದರೆ ಮುಗಿಯಿತು. 60.50 ಭಾಗಿಸು 3.6725, ದಿರ್ಹಮ್‌ಗೆ 16.47 ರೂಪಾಯಿ. ಕುವೈತ್ ದಿನಾರ್‌ಗೆ ಮಾತ್ರ ಈ ದಾರಿ ಹಿಡಿಯಬೇಡಿ, ಅದು ಡಾಲರ್ ಒಂದಕ್ಕೇ ಕಟ್ಟಿದ್ದಲ್ಲ.

ಗಲ್ಫ್‌ನಲ್ಲಿ ನಮ್ಮ ರೂಪಾಯಿಯೇ ಓಡಾಡುತ್ತಿದ್ದ ಕಾಲ ಒಂದಿತ್ತು. 1959ರಲ್ಲಿ ಭಾರತ ಅಲ್ಲಿಗೆಂದೇ ಬೇರೆ ನೋಟು ತಂದಿತ್ತು, ಗಲ್ಫ್ ರೂಪಾಯಿ ಎನ್ನುತ್ತಿದ್ದರು. 1966ರ ಇಳಿಕೆ ಆದ ಮೇಲೆ, ಅಲ್ಲಿ ಆಗಲೂ ಅದನ್ನು ಬಳಸುತ್ತಿದ್ದವರೂ ಬಿಟ್ಟರು.

ಹಳೆಯ ಇಟಲಿ ಖರೀದಿದಾರರ ಕಾಗದದಲ್ಲಿ ಲಿರಾ ಕಂಡರೆ 1,936.27 ಲಿರಾಗೆ ಒಂದು ಯೂರೋ. ಆದರೆ ಇದು 1999ರಿಂದ ಲಿರಾ ಹೋಗುವವರೆಗಿನ ಮಾತು. ಅದಕ್ಕೂ ಹಿಂದೆ ಯೂರೋ ಇರಲೇ ಇಲ್ಲ.

ಎಂಟನೆಯದು: ಅಟ್ಟದ ಮೇಲಿನ ಪುಸ್ತಕ

ನಮ್ಮ ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆ) ಪೆಟ್ಟಿಗೆಯಲ್ಲಿ ಇನ್ನೂ ಇಂಥ ಪುಸ್ತಕ ಸಿಗುತ್ತವೆ. ಕೆಂಪು ಬಟ್ಟೆಯ ಹೊದಿಕೆ, ಅಂಚು ಗೆದ್ದಲು ತಿಂದದ್ದು, ಶಾಯಿ ಕಂದು ಬಣ್ಣಕ್ಕೆ ತಿರುಗಿದ್ದು. ಒಂದು ಸಾಲಿನಲ್ಲಿ 85-10-6 ಎಂದಿರುತ್ತದೆ. 85 ರೂಪಾಯಿ, 10 ಆಣೆ, 6 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಹತ್ತೂವರೆ ಆಣೆಯನ್ನು 16ರಿಂದ ಭಾಗಿಸಿ, 0.66. ಅಂದರೆ 85.66 ರೂಪಾಯಿ. 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂತು, ಆದರೆ ಕೈ ರೂಢಿ ಬಿಡಲಿಲ್ಲ. ಆಮೇಲೂ ಕೆಲವರು ಆಣೆಯಲ್ಲೇ ಬರೆದಿದ್ದಾರೆ. ತೂಕ ಹಂಡ್ರೆಡ್‌ವೇಟ್‌ನಲ್ಲಿದ್ದರೆ 112 ಪೌಂಡ್, ಅಂದರೆ 50.8 ಕಿಲೋ. ಇವತ್ತಿನ 50 ಕಿಲೋ ಚೀಲ ಅಂತ ಹಿಡಿಯಬೇಡಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ರೂಪಾಯಿಯನ್ನು ಆ ದಿನದ ಡಾಲರ್ ದರದಿಂದ ಭಾಗಿಸಿ, "ಅಜ್ಜನಿಗೆ ಇಷ್ಟು ಡಾಲರ್ ಸಿಕ್ಕಿತ್ತು" ಎನ್ನುವ ಹಾಗಿಲ್ಲ. ಆಗ ಕಾಫಿ ಹೋಗುತ್ತಿದ್ದದ್ದು ಕಾಫಿ ಬೋರ್ಡಿನ ಪೂಲ್‌ಗೆ. 1942ರ ಕಾಫಿ ಕಾಯ್ದೆಯ ವ್ಯವಸ್ಥೆ ಅದು. ಬೆಳೆಗಾರರು ಕಾಫಿಯನ್ನು ಕ್ಯೂರಿಂಗ್ ವರ್ಕ್ಸ್‌ಗೆ ಹಾಕಿದಾಗ ಮೊದಲ ಕಂತು. ಬೋರ್ಡ್ ಅದನ್ನು ದೇಶದೊಳಗೂ ಹೊರಗೂ ಮಾರಿ, ಬಂದದ್ದನ್ನು ಒಟ್ಟುಗೂಡಿಸಿ, ಕಾಫಿಯ ದರ್ಜೆಗೆ ಕೊಟ್ಟ ಪಾಯಿಂಟ್ ಲೆಕ್ಕದಲ್ಲಿ ಉಳಿದ ಕಂತು ಕೊಡುತ್ತಿತ್ತು. ಕೊನೆಯ ಕಂತು ಬರುವಾಗ ಮುಂದಿನ ಬೆಳೆಯೇ ಬಂದಿರುತ್ತಿತ್ತು. ಯಾವ ಡಾಲರ್, ಯಾವ ದಿನದ್ದು ಎಂದು ಒಂದು ಚೀಲಕ್ಕೆ ಗಂಟು ಹಾಕಲು ಆಗುವುದಿಲ್ಲ. 1992ರಿಂದ ಹಂತ ಹಂತವಾಗಿ ಇದನ್ನು ಸಡಿಲಿಸಿ, 1996ರ ಹೊತ್ತಿಗೆ ಪೂರ್ತಿ ಬಿಟ್ಟರು. ಅಲ್ಲಿಂದ ಈಚೆಗೆ ಮಾತ್ರ ಬೆಳೆಗಾರರ ಕೈಯ ರೂಪಾಯಿಗೂ ಲಂಡನ್ ಡಾಲರ್‌ಗೂ ನೇರ ನಂಟು. ಹಿಂದಿನ ವರ್ಷಗಳಿಗೆ ವರ್ಷದ ಸರಾಸರಿ ಪಕ್ಕದಲ್ಲಿಟ್ಟು ನೋಡಿ, ಸಾಕು.

ಹಾಗೇ ಹಳೆಯ ರೂಪಾಯಿಯ ಬೆಲೆ ಇವತ್ತಿಗೆ ಎಷ್ಟು ಎಂದು ತಿಳಿಯಬೇಕಿದ್ದರೆ ಡಾಲರ್ ದರದಿಂದ ಅದು ಸಿಗುವುದಿಲ್ಲ. ಅದಕ್ಕೆ ಬೆಲೆ ಸೂಚ್ಯಂಕ ಬೇಕು. ಇಲ್ಲವೇ ಅದೇ ಪುಸ್ತಕದಲ್ಲಿ ಆಳಿನ ಕೂಲಿ ಎಷ್ಟು ಎಂದು ಬರೆದಿರುತ್ತದಲ್ಲ, ಅದನ್ನು ನೋಡಿ. ಒಂದು ಮೂಟೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ) ಎಷ್ಟು ದಿನದ ಕೂಲಿಗೆ ಸಮ ಎಂದು ತೆಗೆದರೆ ಆ ವರ್ಷ ಹೇಗಿತ್ತೆಂದು ಚೆನ್ನಾಗಿ ಗೊತ್ತಾಗುತ್ತದೆ.

ಒಪ್ಪಿಸುವ ಮುಂಚೆ ನೋಡಿಕೊಳ್ಳುವುದು

ರೂಪಾಯಿ ಮೊತ್ತವನ್ನು ಡಾಲರ್‌ನಿಂದ ತಿರುಗಿ ಭಾಗಿಸಿ. ಬಂದ ದರ ಆ ವರ್ಷದ ಸರಾಸರಿಯಿಂದ ತುಂಬ ದೂರ ಇದ್ದರೆ ಒಂದೋ 1991, 2013ರಂಥ ವರ್ಷ, ಇಲ್ಲವೇ ದಿನಾಂಕ ತಿರುಗಾಮುರುಗಾ ಆಗಿದೆ. ಬ್ಯಾಂಕ್ ದರ ರೆಫರೆನ್ಸ್‌ಗಿಂತ ಸ್ವಲ್ಪ ಕಡಿಮೆ ಇದ್ದರೆ ತಪ್ಪಲ್ಲ, ಅದು ಬ್ಯಾಂಕಿನ ಅಂತರ. ಜಾಸ್ತಿ ಇದ್ದರೆ ಮಾತ್ರ ಮತ್ತೊಮ್ಮೆ ನೋಡಿ.

ಈ ವರ್ಷದ ಕಾಫಿ ಕೊಟ್ಟ ದಿನ ರಸೀದಿಯ ಹಿಂದೆ ಪೆನ್ನಿನಲ್ಲಿ ಮೂರು ಅಂಕಿ ಬರೆದಿಡಿ: ಅವತ್ತಿನ ಲಂಡನ್ ಬೆಲೆ, ಅವತ್ತಿನ ರೆಫರೆನ್ಸ್ ದರ, ನಿಮ್ಮ ಓಟಿ. ನಾನು ಲೆಕ್ಕ ನೋಡುವ ಒಂದು ಮನೆಯಲ್ಲಿ ಅಮ್ಮ ಆರು ವರ್ಷದಿಂದ ಹೀಗೆ ಬರೆಯುತ್ತಿದ್ದಾರೆ, ಕ್ಯಾಲೆಂಡರ್‌ನಿಂದ ಹರಿದ ಹಾಳೆಯ ಮೇಲೆ, ಮೆಣಸು ಮಾರಿದ ದಿನವೂ ಬಿಡದೆ. ಅವರ ಮನೆಯ ಲೆಕ್ಕಕ್ಕೆ ನಾನು ಯಾವ ಪಟ್ಟಿಯನ್ನೂ ತೆರೆಯಬೇಕಾಗಿಲ್ಲ.